ಬೆನ್ನಿಗೂ ಗಾಜು

ಬಂದರಿನ ಖೈಜಮ್ಮ ಹಳೇ ಬೈರಾಸಿನಲ್ಲಿ ಸುತ್ತಿ ತಂದದ್ದು
ಒಂದು ಮುಖ.
ಗಾಜು ಒಡೆದಿತ್ತು, ಕಟ್ಟಿನ ಒಂದು ಬದಿ
ಒರಲೆ ತಿಂದು ಹಿಟ್ಟು.
“ನನ್ನ ಗಂಡನ ಅಜ್ಜನ ಅಜ್ಜ,” ಅಂದರು.
“ತುರ್ಕಿಯ ರಾಜನ ಹತ್ತಿರ ದೊಡ್ಡ ಕೆಲಸ.
ಇಲ್ಲಿಂದಲೇ ಹಡಗು ಹತ್ತಿ ಹೋದವರು.
ಫ್ರೇಮು ಗಟ್ಟಿ ಇರಲಿ, ಮೋನೆ.”

ನಾನು ಅವರ ಮಗನಲ್ಲ. ಪಾಸ್ಕಲ್ ಬರ್ಬೋಜ,
ಐವತ್ತೆರಡು ವರ್ಷ, ಎಡ ಮೊಣಕಾಲು ನೋವು.
ಆದರೂ ಬಂದರಿನಲ್ಲಿ ಯಾರಾದರೂ ಹಾಗೆ ಕರೆದರೆ
ರೇಟು ಇಳಿಸಬೇಕಾಗುತ್ತದೆ.

ಮೇಜಿನ ಮೇಲೆ ಮಲಗಿಸಿ ನೋಡಿದೆ.
ಬಿಳಿ ಮುಂಡಾಸು, ಸುತ್ತು ಎಣಿಸುತ್ತ ಹನ್ನೊಂದಕ್ಕೆ ತಪ್ಪಿದೆ.
ಮೈಮೇಲೆ ಯಾವುದೋ ಮೃಗದ ರೋಮದ ನಿಲುವಂಗಿ,
ಈ ಎಪ್ರಿಲಿನ ಸೆಕೆಗೆ ನೋಡಿದವರಿಗೇ ಬೆವರು.
ಚಿತ್ರ ಬರೆದವನು ಯಾರೋ ಪರಂಗಿ,
ಮುಖಕ್ಕಿಂತ ಹೆಚ್ಚು ದಿನ ಆ ರೋಮಕ್ಕೆ ಕೊಟ್ಟಿದ್ದಾನೆ,
ಊದಿದರೆ ಒಂದೊಂದೂ ಅಲುಗುವ ಹಾಗೆ.
ಕೈ ಮಾತ್ರ ಅವಸರದ್ದು.
ಸುರುಳಿ ಕಾಗದ ಹಿಡಿದ ಬೆರಳು ನಾಲ್ಕೇ.
ಐದನೆಯದು ಬರೆಯುವ ಮೊದಲು
ಒಳಗಿಂದ ಕರೆ ಬಂದಿರಬೇಕು,
ಅಧಿಕಾರಿ ಎದ್ದು ಹೋಗಿರಬೇಕು.
ದರ್ಬಾರಿನ ನೌಕರಿ, ಕೂರಲು ಬಿಡುತ್ತದೆಯೇ.

ಕಣ್ಣು ನನ್ನನ್ನು ನೋಡುವುದಿಲ್ಲ.
ನನ್ನ ಹೆಗಲಾಚೆ ಯಾರ ಸಹಿಗೋ ಕಾಯುತ್ತಿದೆ.
ಡೀಸಿ ಕಚೇರಿಯ ವರಾಂಡದಲ್ಲಿ
ಫೈಲು ಎದೆಗೊತ್ತಿ ನಿಂತವರಲ್ಲಿ ಕಂಡಿದ್ದೇನೆ ಇಂಥ ಕಣ್ಣು.

ಆದರೆ ಬಣ್ಣ!
ಉಪ್ಪುಗಾಳಿಯ ಊರಿದು. ನನ್ನ ಅಪ್ಪ ಅಮ್ಮನ ಮದುವೆ ಫೋಟೋ
ಇಪ್ಪತ್ತೇ ವರ್ಷಕ್ಕೆ ಚಹಾ ಆಯಿತು.
ಇಲ್ಲಿ ನಿಲುವಂಗಿಯ ಒಳಗಿನ ಕೆಂಪು
ಈಗ ಸೀಳಿದ ಪುನರ್ಪುಳಿ.

ಖೈಜಮ್ಮ ಮೇಲಿನ ಕೊಂಡಿ ತೋರಿಸಿದರು,
ಎತ್ತ ಬೇಕಾದರೂ ತಿರುಗುವಂಥದ್ದು.
“ನಮಾಜಿಗೆ ಇರುವುದು ಅದೊಂದೇ ಕೋಣೆ.
ಎದುರಿಗೆ ಮುಖ ಇರಬಾರದಲ್ಲ.
ಬಾಂಗ್ ಕೇಳಿದ ಕೂಡಲೇ ಗೋಡೆಗೆ ತಿರುಗಿಸುವುದು.
ಆಮೇಲೆ ಎಷ್ಟೋ ಸಲ ಮರೆತೇ ಹೋಗುವುದು.”

ದಿನಕ್ಕೆ ಐದು ಸಲ, ನೂರು ವರ್ಷ,
ಸುಣ್ಣ ನೋಡುತ್ತ ನಿಂತ ಅಧಿಕಾರಿ.
ಬಿಸಿಲು ತಿಂದದ್ದೆಲ್ಲ ಬೆನ್ನು.

ಬೆನ್ನ ಮೇಲೆ ಮುಳ್ಳುಮುಳ್ಳು ಅಕ್ಷರ, ಒಂದೂವರೆ ಸಾಲು.
ಕೋಣೆಯ ಕಡೆಗೆ ನೂರು ವರ್ಷ ತೆರೆದೇ ಇದ್ದದ್ದು,
ಅವರಲ್ಲಿ ಯಾರಿಗೂ ಓದಲು ಬಾರದ್ದು.
ಬಲ್ಮಠದ ಜತ್ತನ್ನ ಮಾಸ್ತರಿಗೆ ಒಯ್ದೆ.
“ಜರ್ಮನ್ ಪಾದ್ರಿಗಳ ಯಾವುದೋ ಪುಸ್ತಕದಿಂದ ಹರಿದ ಹಾಳೆ,”
ಕನ್ನಡಕ ಒರಸಿ ಓದಿದರು:
ಸುಲ್ತಾನನ ಆಸ್ಥಾನದ ಒಬ್ಬ ಅಧಿಕಾರಿ.
ಚಿತ್ರಕಾರ ವೆನಿಸಿನವನು. ಹೆಸರು ತಿಳಿದಿಲ್ಲ.
“ಐನೂರು ವರ್ಷ ಆಗಿರಬೇಕು,” ಅಂದರು,
ನನ್ನ ಮುಖ ನೋಡದೆ.

ಅಜ್ಜನ ಅಜ್ಜನಿಗೆ ಐನೂರು ಜಾಸ್ತಿ.
ಮೂರು ದಿನ ಹೇಳಲಿಲ್ಲ.
ನಾಲ್ಕನೆಯ ದಿನ ಕೊನೆಯ ಮಾತು ಮಾತ್ರ ಹೇಳಿದೆ:
ಹೆಸರು ತಿಳಿದಿಲ್ಲ ಅಂತ ಬರೆದಿದ್ದಾರೆ, ಉಮ್ಮ.

ಖೈಜಮ್ಮ ಎಲೆಯಡಿಕೆಯನ್ನು
ಒಂದು ಕೆನ್ನೆಯಿಂದ ಇನ್ನೊಂದಕ್ಕೆ ಸರಿಸಿದರು.
“ಅವರಿಗೆ ತಿಳಿದಿಲ್ಲ. ನಮಗೆ ಗೊತ್ತುಂಟಲ್ಲ. ಬರಿ.”

ಮರಕ್ಕೆ ಗುರುತು ಹಾಕುವ ದಪ್ಪ ಪೆನ್ಸಿಲು.
ಮುಳ್ಳಕ್ಷರದ ಕೆಳಗೆ, ದುಂಡಗೆ ಬರೆದೆ:
ಪುತ್ತುಬಾವ. ಬಂದರು, ಮಂಗಳೂರು.
ಸುಳ್ಳಿಗೆ ಕೈ ನಡುಗುತ್ತದೆ ಅಂತ ಅಮ್ಮ ಹೇಳುತ್ತಿದ್ದಳು.
ನಡುಗಲಿಲ್ಲ. ನೋಡಿಕೊಂಡೆ, ಐದು ಬೆರಳೂ ಇದ್ದವು.

ಅಷ್ಟರಲ್ಲಿ ಅಸರಿನ ಬಾಂಗ್.
ಅಭ್ಯಾಸಬಲ, ನನ್ನ ಅಂಗಡಿಯಲ್ಲೂ ಖೈಜಮ್ಮ
ಚಿತ್ರವನ್ನು ಗೋಡೆಗೆ ತಿರುಗಿಸಿ ನಿಲ್ಲಿಸಿದರು.
ಬೆನ್ನು ನಮ್ಮ ಕಡೆ ಬಂತು.
ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು ಓದಿದರು,
ಪು, ತ್ತು, ಬಾ,
ವ ಎಂಬಲ್ಲಿ ಸ್ವಲ್ಪ ಹೊತ್ತು ನಿಂತರು.

“ಈ ಬದಿಗೂ ಗಾಜು ಹಾಕು,” ಅಂದರು.
ದುಡ್ಡು ಕೊಟ್ಟದ್ದು
ಒಂದೇ ಬದಿಯದ್ದು.